ಹಿಂದಿನ ಸೀಟಿನ ತೂಕ

ಹಿಂದಿನ ಸೀಟಿನ ಅಡಿ ಬಿಗಿದಿರುವ ಸೀಸದ ತಗಡನ್ನು ಮಾತ್ರ ಬಿಚ್ಚಬೇಡಿ ಎಂದು ಅಮೀರ್ ಮೂರು ಸಲ ಹೇಳಿದ. ಶಿವಾಜಿನಗರದ ಅವನ ಗ್ಯಾರೇಜಿನಲ್ಲಿ ಆ ಬೈಕು ಒಂದು ವರ್ಷದಿಂದ ಟಾರ್ಪಾಲಿನ ಕೆಳಗೆ ನಿಂತಿತ್ತು. ಕೆ.ಆರ್. ಪುರದ ಮುನಿಆಂಜನಪ್ಪನದು. ಜಮೀನು ಪಾಲಾಗುವಾಗ ದಾಯಾದಿಗಳು ಗಾಡಿಗೆ ಮಾಟ ಮಾಡಿಸಿದರಂತೆ. ಹಿಂದೆ ಕೂತು ತಿರುಗುತ್ತಿದ್ದ ಅವನ ಹೆಂಡತಿ ದಿನದಿನಕ್ಕೆ ಕರಗಿ ಸತ್ತಳಂತೆ. ಆಮೇಲೆ ಒಬ್ಬ ಮಂತ್ರವಾದಿ ತಗಡು ಬರೆದು ಬಂಧನ ಹಾಕಿದನಂತೆ.

"ಸೀಸದಾಗ ಮಾಟ ನಿಲ್ತದಂದ್ರ ಬ್ಯಾಟರಿ ಅಂಗಡಿಯವ್ರೆಲ್ಲ ದೊಡ್ಡ ಮಂತ್ರವಾದಿಗಳೇ ಬಿಡು," ಎಂದು ದತ್ತು ನಕ್ಕ.

ಅಮೀರ್ ನಗಲಿಲ್ಲ. "ನಗಿ ಸಾರ್. ಬಿಚ್ಚಬೇಡಿ, ಅಷ್ಟೇ."

ದತ್ತು ಕಲಬುರಗಿಯಿಂದ ಬಂದು ಎರಡು ವರ್ಷವಾಗಿತ್ತು. ವಿಮಾನಪುರದ ಸಣ್ಣ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳನ್ನು ತೂಗಿ ಸಮತೋಲ ನೋಡುವುದು ಅವನ ಕೆಲಸ. ಆ ಬೈಕಿನ ದುಂಡನೆಯ ಹಳೇ ಕಾಲದ ದೀಪ, ಕ್ರೋಮಿನ ಅಂಚು, ಎರಡೂ ಬದಿಯ ಚರ್ಮದ ಚೀಲ, ಸೋಫಾದಷ್ಟು ಅಗಲವಾದ ಹಿಂದಿನ ಸೀಟು ಕಂಡ ಕ್ಷಣವೇ ಅವನು ಸೋತು ಕೊಂಡುಬಿಟ್ಟಿದ್ದ. ಸೋತದ್ದಕ್ಕೆ ಕಷ್ಟವನ್ನೂ ಪಟ್ಟ. ಹಲಸೂರಿನ ಸಿಗ್ನಲ್ಲಿನಲ್ಲಿ ಎಂಜಿನ್ನಿನ ಕಾವಿಗೆ ತೊಡೆ ಬೇಯುತ್ತಿತ್ತು. ಇಂದಿರಾನಗರದ ಗಲ್ಲಿಯೊಳಗೆ ತಪ್ಪಿ ನುಗ್ಗಿದರೆ ಹಿಂದಕ್ಕೆ ತಳ್ಳಲು ಇನ್ನೊಬ್ಬರು ಬೇಕಿತ್ತು. ಆದರೆ ಹೊಸಕೋಟೆ ದಾಟಿ ರಸ್ತೆ ಬಿಚ್ಚಿಕೊಂಡರೆ ಆ ಭಾರವೇ ಸುಖ. ಗಾಳಿಗೆ ಅಲುಗುವುದಿಲ್ಲ, ಹಳ್ಳಕ್ಕೆ ಬೆದರುವುದಿಲ್ಲ. ಹೆಂಡತಿ ಸುಜಾತಾ ಅವನ ಬೆನ್ನಿಗೊರಗಿ ನಿದ್ದೆಯನ್ನೇ ಮಾಡಿಬಿಡುತ್ತಿದ್ದಳು.

ತಗಡು ಅವನ ಮನಸ್ಸನ್ನು ಕೊರೆದದ್ದು ಕಸುಬಿನ ಕಾರಣಕ್ಕೆ. ನಕ್ಷೆಯಲ್ಲಿಲ್ಲದ ಒಂದು ವಾಷರ್ ಸಿಕ್ಕರೂ ಕೆಲಸ ನಿಲ್ಲಿಸುವ ಕಾರ್ಖಾನೆ ಅದು. ನಕ್ಷೆಯಲ್ಲಿಲ್ಲದ ಸೀಸವನ್ನು ಹೊತ್ತು ತಿರುಗುವುದು ಅವನಿಂದಾಗಲಿಲ್ಲ. ಒಂದು ಭಾನುವಾರ ಬಿಚ್ಚಿಯೇ ಬಿಟ್ಟ. ನಾನೂರ ಹನ್ನೆರಡು ಗ್ರಾಂ. ಸುತ್ತ ಕೆಂಪು ದಾರ, ಮೇಲೆ ಉಗುರಿನಿಂದ ಗೀರಿದಂಥ ಅಕ್ಷರ. ಕಸದ ಗಾಡಿಗೆ ಎಸೆದ. ದೊಡ್ಡನೆಕ್ಕುಂದಿಯಲ್ಲಿ ಶೆಡ್ಡು ಇಟ್ಟಿದ್ದ ಊರಿನ ಗೆಳೆಯ ಪೀರಪ್ಪನ ತೂಕದ ಯಂತ್ರದ ಮೇಲೆ, ಟ್ಯಾಂಕು ತುಂಬಿಸಿ, ಬೈಕನ್ನು ನಿಲ್ಲಿಸಿದ. ಮುನ್ನೂರ ಎಪ್ಪತ್ತೊಂದು ಕಿಲೋ.

ಎರಡು ವಾರದ ನಂತರ ಬೈಕು ಹಿಂದಕ್ಕೆ ಕುಸಿದಂತೆ ಕಂಡು ಮತ್ತೆ ತೂಗಿದ. ಎರಡು ಕಿಲೋ ಇನ್ನೂರು ಗ್ರಾಂ ಹೆಚ್ಚು. ಯಂತ್ರದ ತಪ್ಪೆಂದುಕೊಂಡು ಕಾರ್ಖಾನೆಯಿಂದ ಪ್ರಮಾಣದ ಬಟ್ಟುಗಳನ್ನು ತಂದು ಪರೀಕ್ಷಿಸಿದ. ಯಂತ್ರ ಸರಿಯಾಗಿತ್ತು. ಮುಂದಿನ ತಿಂಗಳು ಮುನ್ನೂರ ಎಪ್ಪತ್ತೇಳೂವರೆಯ ಮೇಲೆ ನೂರು ಗ್ರಾಂ.

"ಗಾಡಿಗೂ ರೊಟ್ಟಿ ತಿನಸ್ತೀ ಏನಲೇ?" ಎಂದ ಪೀರಪ್ಪ.

ದತ್ತುವಿಗೆ ನಗು ಬರಲಿಲ್ಲ. ಒಬ್ಬನೇ ಹೋಗುವಾಗಲೂ ಹಿಂದಿನ ಸ್ಪ್ರಿಂಗು ಕಿರುಗುಡುತ್ತಿತ್ತು. ತಿರುವಿನಲ್ಲಿ ಯಾರೋ ಅವನ ಜೊತೆಗೇ ವಾಲುತ್ತಿದ್ದರು. ಬ್ರೇಕು ಹಿಡಿದರೆ ಬೆನ್ನಿಗೆ ಮೆತ್ತನೆಯ ತಣ್ಣನೆಯದೇನೋ ಒತ್ತುತ್ತಿತ್ತು. ಜೊತೆಗೇ ಕೊಳೆತ ಮಲ್ಲಿಗೆಯ ವಾಸನೆ.

ಅಷ್ಟರಲ್ಲಿ ಸುಜಾತಾಳ ಬಳೆ ಮೊಣಕೈವರೆಗೆ ಜಾರತೊಡಗಿತ್ತು. ಪುಲಿಕೇಶಿನಗರದ ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, ರೋಗ ಕಾಣುತ್ತಿಲ್ಲ, ಚೆನ್ನಾಗಿ ಊಟ ಮಾಡಲಿ ಎಂದರು. ಅವರ ಚೀಟಿಯಲ್ಲಿ ತೂಕಗಳಿದ್ದವು. ಐವತ್ತೆಂಟು. ಐವತ್ತೈದು ಎಂಟುನೂರು. ಐವತ್ತೊಂದು ನಾನೂರು. ದತ್ತು ಆ ಚೀಟಿಯನ್ನು ಬೈಕಿನ ತೂಕ ಬರೆದಿಟ್ಟ ತನ್ನ ನೋಟುಬುಕ್ಕಿನ ಪಕ್ಕ ಇಟ್ಟು ಎರಡನ್ನೂ ಕೂಡಿದ. ಮೊದಲ ಸಲ ನಾನೂರ ಇಪ್ಪತ್ತೊಂಬತ್ತು. ಎರಡನೆಯ ಸಲ ನಾನೂರ ಇಪ್ಪತ್ತೊಂಬತ್ತು. ಮೂರನೆಯ ಸಲವೂ.

ಅವಳನ್ನು ಬೈಕು ಹತ್ತಿಸುವುದನ್ನೇ ನಿಲ್ಲಿಸಿದ. ತೂಕ ನಿಲ್ಲಲಿಲ್ಲ. ಅವಳು ಮೂವತ್ತೊಂಬತ್ತಕ್ಕೆ ಇಳಿದ ದಿನ, ಮಟಮಟ ಮಧ್ಯಾಹ್ನ, ಅಮೀರನ ಗ್ಯಾರೇಜಿಗೆ ಬೈಕು ಓಡಿಸಿದ. ಮುಖ ನೋಡಿಯೇ ಅಮೀರನಿಗೆ ಗೊತ್ತಾಯಿತು. ಬೈದೂ ಬೈಯದ ಹಾಗೆ ಎದ್ದುಹೋಗಿ ಅದೇ ಮಂತ್ರವಾದಿಯಿಂದ ಹೊಸ ತಗಡು ಬರೆಸಿ ತಂದ.

"ಬಿಗಿದ್ರೆ ಇಲ್ಲಿಗೆ ನಿಲ್ಲತ್ತೆ ಸಾರ್. ಆದ್ರೆ ಒಳಗೆ ಹೋಗಿದ್ದು ಒಳಗೇ ಉಳಿಯತ್ತೆ."

"ವಾಪಸ್ ತೆಗೆಯಾಕ ಬರಂಗಿಲ್ಲೇನು?"

"ಅದಕ್ಕೆ ತಿಂಗಳುಗಟ್ಟಲೆ ಪೂಜೆ ಬೇಕಂತೆ. ಅಲ್ಲೀವರೆಗೂ ಮೇಡಂ ಇರ್ತಾರಾ?"

ದತ್ತು ತಲೆ ತಗ್ಗಿಸಿದ. ಬಿಗಿ ಎಂದ.

ಶಟರ್ ಎಳೆದರು. ಒಳಗೆ ಕತ್ತಲು. ಹಳೇ ಆಯಿಲ್ಲಿನ ನಾತದ ಮೇಲೆ ಮಲ್ಲಿಗೆಯ ಕೊಳೆತ ನಾತ ಏರಿತು. ಎಂಜಿನ್ ಆರಿತ್ತು. ಆದರೂ ಧಗ್, ಧಗ್ ಎಂಬ ಸದ್ದು. ಅಮೀರ್ ಸೀಟು ಎತ್ತಿದ. ತಗಡು ಇಟ್ಟ. ಸ್ಪ್ರಿಂಗು ಕುಸಿಯಿತು. ಮತ್ತೆ ಕುಸಿಯಿತು. ಟೈರು ನೆಲಕ್ಕೆ ಚಪ್ಪಟೆಯಾಯಿತು. ಮೊದಲ ಬೋಲ್ಟು. ಒಳಗಿನಿಂದ ನರಳಿಕೆ. ಹೆಂಗಸಿನದು. ಎರಡನೆಯದು. ದತ್ತುವಿಗೆ ಆ ದನಿ ಗೊತ್ತಿತ್ತು. ಅದು ತನ್ನ ಹೆಸರು ಹಿಡಿಯದೆ ಕರೆಯುವ ದನಿ. ರೀ. ರೀ. ಅಮೀರ್ ಸ್ಪಾನರ್ ಹಿಡಿದ ಕೈ ನಿಲ್ಲಿಸಿದ. ದತ್ತು ಕಿತ್ತುಕೊಂಡ. ತಾನೇ ತಿರುಗಿಸಿದ. ಕಣ್ಣು ಮುಚ್ಚಿದ. ಪೂರ್ತಿ ಬಿಗಿದ.

ಸದ್ದು ನಿಂತಿತು.

ಸುಜಾತಾ ಆ ಸಂಜೆಯೇ ಎದ್ದು ಕೂತು ಅನ್ನ ಉಂಡಳು. ಮೂವತ್ತೊಂಬತ್ತು ಕಿಲೋ ಮೂವತ್ತೊಂಬತ್ತಾಗಿಯೇ ಉಳಿಯಿತು, ಏರಲಿಲ್ಲ, ಇಳಿಯಲಿಲ್ಲ. ವಾರ ಕಳೆದು ಅವಳು ಮತ್ತೆ ರೊಟ್ಟಿ ಬಡಿಯುವ ಸದ್ದು ಕೇಳಿದಾಗ, ಬೈಕನ್ನು ಗುಜರಿಗೆ ಹಾಕಿಬಿಡುವುದೆಂದು ಅವನು ನಿರ್ಧರಿಸಿದ. ಒಂದು ಗುಂಡಿ ಅವನಿಗೆ ಬುದ್ಧಿ ಕಲಿಸಿತು: ಗುಜರಿಗೆ ಒಯ್ಯುವಾಗ ಬೈಕು ಅದರೊಳಗೆ ಧಡ್ಡೆಂದು ಇಳಿದ ಗಳಿಗೆಯಲ್ಲೇ ಮನೆಯಲ್ಲಿದ್ದ ಸುಜಾತಾ ಸೊಂಟ ಹಿಡಿದು ಕೂಗಿದ್ದಳು; ಅವನು ಬೈಕನ್ನು ವಾಪಸ್ ತಂದು ಮನೆಯ ಮುಂದೆ ನಿಲ್ಲಿಸಿದ.

ಅದಾದ ಮೇಲೆ ಒಂದು ಬೆಳಿಗ್ಗೆ, ಮಳೆಗೆ ನೆನೆದ ಬೀದಿಯಲ್ಲಿ, ಪೈಪಿಗೆಂದು ಅಗೆದು ಮುಚ್ಚಿದ್ದ ಮಣ್ಣಿನೊಳಗೆ ಬೈಕಿನ ಸ್ಟ್ಯಾಂಡು ಮೆಲ್ಲಗೆ ಇಳಿಯುತ್ತಿದ್ದುದನ್ನು ದತ್ತು ಗೇಟಿನ ಬಳಿಯಿಂದ ನೋಡಿದ. ಓಡಿದ. ತಲುಪಲಿಲ್ಲ. ಮುನ್ನೂರ ತೊಂಬತ್ತು ಕಿಲೋ ಎಡಕ್ಕೆ ಉರುಳಿತು.

ಮಹಡಿಯ ಅವನ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಆಮೇಲೆ ಮೂಳೆ ಮುರಿದವರ ಕೂಗು.

ಅವನು ಬೈಕಿಗೆ ಬೆನ್ನು ಕೊಟ್ಟು, ಕುಕ್ಕರಗಾಲಲ್ಲಿ ಕೂತು, ಹ್ಯಾಂಡಲ್ ಹಿಡಿದು ಎತ್ತಿದ. ಒಂದು ಗೇಣು ಎದ್ದಿತು. ಮೇಲೆ ಕೂಗು ಬಿಕ್ಕಾಯಿತು. ಬೆರಳುಗಳ ಮೇಲೆ ಪೆಟ್ರೋಲು ಹರಿದು ಹಿಡಿತ ಜಾರತೊಡಗಿತು. ಬೀದಿಯಲ್ಲಿ ಯಾರೂ ಇರಲಿಲ್ಲ. ಕೆಳಗಿಳಿಸುವಂತಿಲ್ಲ. ಎತ್ತಲಾಗುವುದಿಲ್ಲ.

"ಬಿಡಬ್ಯಾಡ್ರಿ," ಎಂದಳು ಸುಜಾತಾ. ಆ ದನಿ ಮಹಡಿಯಿಂದ ಬರಲಿಲ್ಲ. ಅವನ ಬೆನ್ನ ಹಿಂದಿನಿಂದ, ಸೀಟಿನೊಳಗಿನಿಂದ ಬಂತು.