ಅಕ್ಕಿಆಲೂರಿನ ಖಲಾಸಿ

ತಾನು ಚಹಾದ ಟ್ರೇ ತಂದಾಗ ಮನೆಗೆ ಬಂದಿದ್ದ ಪೊಲೀಸರು ತನ್ನ ಮುಖ ನೋಡಿದರೋ ಇಲ್ಲವೋ ಎಂಬುದು ಸುಧಾರಾಣಿಯ ಅಳುಕು. ಅವರು ಬಂದುಹೋಗಿ ಹತ್ತು ದಿನವಾಗಿತ್ತು. ಅಂದಿನಿಂದ ಆಕೆ ಡೈರಿಯಲ್ಲಿ ತಾರೀಖು ಮಾತ್ರ ಬರೆದು ಮುಚ್ಚಿಡುತ್ತಿದ್ದಳು. ಅಕ್ಕಿಆಲೂರಿನ ಗಿರಣಿ ಪರಮೇಶ್ವರಪ್ಪನವರ ಮಗಳು, ಬಿ.ಎ. ಮುಗಿಸಿದಾಕೆ. ಮನೆಯಲ್ಲಿ ಯಾರೂ ಆಕೆಯನ್ನು ಏನೂ ಕೇಳುತ್ತಿರಲಿಲ್ಲ, ಆಕೆಯೂ ಹೇಳುತ್ತಿರಲಿಲ್ಲ. ಬರುವ ಭಾನುವಾರ ಆಕೆಯ ಮದುವೆಯ ನಿಶ್ಚಯ. ‘ಕಪ್ಪು ಬಸಿ ಸದ್ದು ಮಾಡಿದವು. ಅವರಿಗೆ ಕೇಳಿಸಿರಬೇಕು’ ಎಂದು ತನ್ನಷ್ಟಕ್ಕೇ ಹೇಳಿಕೊಂಡಳು.

ಅದೇ ದಿನ, ಅಕ್ಟೋಬರ್ 12ರ ಗುರುವಾರ, ಬೆಳಿಗ್ಗೆ ಹತ್ತೂವರೆಗೆ ಹಾನಗಲ್ ಠಾಣೆಗೆ ಇಬ್ಬರು ಬಂದರು. ಸವಣೂರಿನ ಮುಮ್ತಾಜಬೇಗಂ ಮತ್ತು ಆಕೆಯ ಮಗ ನಾಸೀರ. ಹುಡುಗನ ಕುತ್ತಿಗೆಯ ಎಲುಬು ಎದ್ದು ಕಾಣುತ್ತಿತ್ತು. ಹೆಡ್ ಕಾನ್‌ಸ್ಟೆಬಲ್ ಮಾಳಪ್ಪ ಕುರ್ಚಿ ತೋರಿಸಿದ.

“ಏನು ದೂರು?”

“ಒಬ್ಬಾಂವ ಕಳದಾನ್ರಿ” ಎಂದ ನಾಸೀರ.

“ಎಲ್ಲಿ?”

“ಎಲ್ಲಿ ಅದಾನ ಅಂತ ಗೊತ್ತೈತ್ರಿ. ಕರಾಚಿ ಜೇಲಿನ್ಯಾಗ. ಮನಿಯವ್ರ ಕಳದಾರ್ರಿ ಅವನ್ನ.”

“ಕರಾಚಿ ನಮ್ಮ ಹದ್ದಿನಾಗ ಬರೂದಿಲ್ಲೋ ತಮ್ಮಾ. ನಮ್ಮದು ಇಲ್ಲೇ ಧರ್ಮಾ ಹೊಳಿತನಕ” ಎಂದು ಮಾಳಪ್ಪ ನಕ್ಕ.

ಮುಮ್ತಾಜಬೇಗಂ ನಗಲಿಲ್ಲ. “ಅಣ್ಣಾರ, ನನ್ನ ಮಗಾ ಬಂದಾನ, ನನ್ನ ಹೊಟ್ಟಿ ತಣ್ಣಗಾತು. ಅವನ ಸಂಗಾತಿ ಅಲ್ಲೇ ಉಳದಾನ. ಅವನ ಹೆಸರು ಕೇಳ್ರಿ ಮೊದಲ.”

“ಹೇಳ.”

“ಗುರುಶಾಂತ ಪರಮೇಶ್ವರಪ್ಪ” ಎಂದ ನಾಸೀರ. “ಅಕ್ಕಿಆಲೂರು.”

ಮಾಳಪ್ಪನ ಪೆನ್ನು ನಿಂತಿತು. ಎದ್ದು ಒಳಗೆ ಹೋದ. ಎರಡು ನಿಮಿಷದ ಮೇಲೆ ಇನ್‌ಸ್ಪೆಕ್ಟರ್ ಮೃತ್ಯುಂಜಯ ಇಬ್ಬರನ್ನೂ ತಮ್ಮ ಕೋಣೆಗೆ ಕರೆಸಿದರು.

ನಾಸೀರ ಹೇಳಿದ್ದಿಷ್ಟು. ಅವನು ಮತ್ತು ಗುರುಶಾಂತ ಗುಜರಾತಿನ ಒಂದು ಮೀನುದೋಣಿಯಲ್ಲಿ ಖಲಾಸಿಗಳು, ಅಂದರೆ ಬಲೆ ಎಳೆಯುವ ಕೂಲಿಗಳು. ಕಳೆದ ವರ್ಷ ಗಡಿಯ ಹತ್ತಿರ ಹೋದಾಗ ಜಿಪಿಎಸ್ ಡಬ್ಬಿ ಕೂಗತೊಡಗಿತು. ದೋಣಿ ನಡೆಸುವ ತಾಂಡೇಲ ಅದರ ವೈರು ಕಿತ್ತ. ಬೆಳಗಾಗುವಷ್ಟರಲ್ಲಿ ಪಾಕಿಸ್ತಾನದ ಕಾವಲು ಹಡಗು ಪಕ್ಕಕ್ಕೆ ಬಂದಿತ್ತು. ಜೈಲಿನಲ್ಲಿ ನಮ್ಮ ದೇಶದ ಅಧಿಕಾರಿಗಳು ಒಮ್ಮೆ ಬಂದು ಎಲ್ಲರ ಊರು, ಹೆಸರು ಬರೆದುಕೊಂಡರು. ನಾಸೀರನ ಮನೆಯಿಂದ ಖಾತ್ರಿ ಬಂತು, ಅವನನ್ನು ಹೋದ ತಿಂಗಳು ಬಿಟ್ಟರು. ಅಂದು ಜ್ವರದಲ್ಲಿ ಮಲಗಿದ್ದ ಗುರುಶಾಂತನದನ್ನು ಆಮೇಲೆ ಬರೆದುಕೊಂಡರು, ಅವನ ಕಾಗದ ಹಿಂದೆ ಬಿತ್ತು.

“ಮೊನ್ನೆ ಮಂಗಳವಾರ ಅವರ ಮನಿಗೆ ಹೋದ್ನಿ ಸರ. ಅವರಣ್ಣ ಚನ್ನೇಶಣ್ಣ ಬಾಗಿಲದಾಗ ನಿಂತು, ‘ಗುರುಶಾಂತ ಇಲ್ಲೇ ಮನಿಯಾಗ ಅದಾನ, ನೀ ಯಾರು’ ಅಂದ್ರು. ನಾ ಒಂದ ವರ್ಷ ಅವನ ಮಗ್ಗಲದಾಗ ಮಲಗೇನ್ರಿ. ಅವ ನಿದ್ದಿಗಣ್ಣಾಗ ಕನ್ನಡ ಮಾತಾಡ್ತಿದ್ದ. ನಾ ಸುಳ್ಳೋ, ಅವರು ಸುಳ್ಳೋ?”

“ಮನಿಗೆ ಏನರ ಹೇಳಿ ಕಳಿಸಿದ್ನೇನು?”

“ತಂಗಿ ಲಗ್ನಾ ನಾ ಬರೂತನಕ ಮಾಡಬ್ಯಾಡ್ರಿ ಅಂತ.”

ಮೃತ್ಯುಂಜಯ ಕಡತ ತೆಗೆದರು. ಬಂಧಿತನ ರಾಷ್ಟ್ರೀಯತೆ ಪರಿಶೀಲಿಸಿ ವರದಿ ಕೊಡಿ ಎಂದು ದಿಲ್ಲಿಯಿಂದ ಬೆಂಗಳೂರಿಗೆ, ಅಲ್ಲಿಂದ ಹಾವೇರಿ ಎಸ್‌ಪಿ ಕಚೇರಿಗೆ, ಅಲ್ಲಿಂದ ಹಾನಗಲ್ಲಿಗೆ ಬಂದ ಆದೇಶ. ಕೆಳಗೆ ಮಾಳಪ್ಪನ ವರದಿ: ಅಕ್ಟೋಬರ್ 2ರಂದು ಮನೆಗೆ ಖುದ್ದು ಭೇಟಿ ನೀಡಿದ್ದು, ಸದರಿ ಗುರುಶಾಂತ ಮನೆಯಲ್ಲಿಯೇ ಹಾಜರಿದ್ದು, ಬಂಧಿತ ವ್ಯಕ್ತಿ ಬೇರೆ ಯಾರೋ ಆಗಿರುತ್ತಾನೆ.

ಮಾಳಪ್ಪ ಮೊಬೈಲಿನಲ್ಲಿ ಅಂದು ತೆಗೆದ ಫೋಟೋ ತೋರಿಸಿದ. ನಾಸೀರ ಒಮ್ಮೆ ನೋಡಿ ತಲೆಯಲ್ಲಾಡಿಸಿದ. “ಇಂವ ಯಾವನೋ.”

ಜೈಲಿನಿಂದ ಬಂದ ಫೋಟೋ ಮಸುಕಾಗಿತ್ತು. ಗಡ್ಡ, ಒಳಗಿಳಿದ ಕೆನ್ನೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಹೌದೆನ್ನಲೂ ಬಾರದು, ಅಲ್ಲವೆನ್ನಲೂ ಬಾರದು.

ಮೃತ್ಯುಂಜಯ ಎಸ್‌ಪಿ ಕಚೇರಿಗೆ ಫೋನ್ ಮಾಡಿದರು. ಮುಂದಿನ ಬಿಡುಗಡೆಯ ಪಟ್ಟಿ ಸೋಮವಾರ ಬೆಳಿಗ್ಗೆ ಹೋಗುತ್ತದೆ ಎಂಬ ಉತ್ತರ ಬಂತು. ತಿದ್ದುಪಡಿ ಇದ್ದರೆ ಅದರೊಳಗೆ, ರಕ್ತಸಂಬಂಧಿಯೊಬ್ಬರು ಫೋಟೋ ಗುರುತಿಸಿದ ಹೇಳಿಕೆಯ ಸಮೇತ ಬರಬೇಕು. ಈ ಪಟ್ಟಿ ತಪ್ಪಿದರೆ ಮುಂದಿನದು ಯಾವಾಗ?

“ಅದನ್ನ ಯಾರೂ ಹೇಳೂ ಹಂಗಿಲ್ರಿ” ಎಂದಿತು ಆ ಕಡೆಯ ದನಿ. “ಎರಡೂ ದೇಶ ಮಾತಾಡ್ತಿದ್ದರ ಆರು ತಿಂಗಳು. ಮಾತು ಬಿಟ್ಟರ ದೇವರ ಬಲ್ಲ.”

ಮಧ್ಯಾಹ್ನ ಮಂಗಳೂರಿನ ಕಡೆಯ ಒಬ್ಬ ಕರಾವಳಿ ಕಾವಲು ಪಡೆಯ ಅಧಿಕಾರಿ ಫೋನಿನಲ್ಲಿ ಸಿಕ್ಕರು. ಅವರು ಅವಸರವಿಲ್ಲದೆ ವಿವರಿಸಿದರು. ದಡದಿಂದ ಹನ್ನೆರಡು ನಾಟಿಕಲ್ ಮೈಲಿ ಆಯಾ ದೇಶದ ಸ್ವಂತ ನೀರು, ಇನ್ನೂರು ಮೈಲಿಯವರೆಗೆ ಮೀನಿನ ಹಕ್ಕು. ಹೊರಗಿನ ನೀರಿನಲ್ಲಿ ಬರೀ ಮೀನು ಹಿಡಿದದ್ದಕ್ಕೆ ಜೈಲಿಗೆ ಹಾಕಬಾರದು, ಜಾಮೀನು ಪಡೆದು ದೋಣಿಯನ್ನೂ ಆಳನ್ನೂ ಬೇಗ ಬಿಡಬೇಕು ಎನ್ನುತ್ತದೆ ಅಂತರರಾಷ್ಟ್ರೀಯ ಕಡಲ ಕಾನೂನು. ಆದರೆ ಗುಜರಾತಿನ ಆಚೆ, ಗಡಿಯ ಹಿನ್ನೀರು ಕಡಲಿಗೆ ಸೇರುವಲ್ಲಿ, ಗಡಿಗೆರೆ ಎಲ್ಲಿಂದ ಶುರು ಎಂಬುದೇ ಎರಡು ದೇಶಗಳ ನಡುವೆ ಇತ್ಯರ್ಥವಾಗಿಲ್ಲ. ಹಾಗಾಗಿ ನಮ್ಮವರನ್ನು ಅವರು ಹಿಡಿಯುತ್ತಾರೆ, ಅವರವರನ್ನು ನಾವು.

“ಹಂಗಾದ್ರ ಒಪ್ಪಿಗಿ ಇರೂದಾದ್ರೂ ಯಾವುದಕ್ಕ ಸರ?”

“ಪಟ್ಟಿ ಕೊಡುವುದಕ್ಕೆ. ಕೈದಿಯನ್ನು ನಮ್ಮವರಿಗೆ ಭೇಟಿ ಮಾಡಿಸುವುದಕ್ಕೆ. ಆಮೇಲೆ ‘ಇವನು ನಮ್ಮವನು’ ಅಂತ ನಾವು ಹೇಳಿದರೆ ಬಿಡುವುದಕ್ಕೆ. ಉಳಿದದ್ದಕ್ಕೆಲ್ಲ ಜಗಳ ಇದೆ ಇನ್‌ಸ್ಪೆಕ್ಟರೇ. ಈ ಒಂದು ಮಾತು ಇಲ್ಲಿಯವರೆಗೆ ನಡೆದುಕೊಂಡು ಬಂದಿದೆ. ಅದನ್ನು ನಾವೇ ಹೇಳದಿದ್ದರೆ ಅವರೇನು ಮಾಡುತ್ತಾರೆ?”

ಫೋನಿಟ್ಟು ಮೃತ್ಯುಂಜಯ ಮಾಳಪ್ಪನನ್ನು ಎದುರಿಗೆ ಕೂರಿಸಿಕೊಂಡರು.

“ಅವತ್ತು ಆ ಮನಿಯಾಗ ಏನೇನಾತು, ಒಂದೂ ಬಿಡದಂಗ ಹೇಳ್ರಿ.”

“ಪಡಸಾಲ್ಯಾಗ ಪರಮೇಶ್ವರಪ್ಪಾರು, ಚನ್ನೇಶ ಕುಂತಿದ್ರು ಸರ. ಗುರುಶಾಂತ ಅಂದಾಂವ ಒಳಗಿಂದ ಬಂದ. ಹೆಸರು ಕೇಳಿದ್ನಿ, ಹೇಳಿದ. ಆಧಾರ ಕಾರ್ಡು ತೋರಿಸಿದ್ರು. ಅದರಾಗಿನ ಫೋಟೋ ನಿಮಗ ಗೊತ್ತಲ್ರಿ, ಯಾರದೂ ಯಾರಂಗೂ ಇರೂದಿಲ್ಲ.”

“ಕುಂತಿದ್ನೇನು?”

“ಇಲ್ರಿ. ನಿಂತಿದ್ದ. ಅಪ್ಪನ ಮುಂದ ಮಗಾ ನಿಂತಾನ, ಛಲೋ ಮನೆತನ ಅಂದ್ಕೊಂಡ್ನಿ.”

“ಆಮ್ಯಾಲ?”

“ಹುಡಿಗಿ ಚಹಾ ತಂದಳು. ಕುಡದ್ವಿ. ಅವನೂ ಕುಡದ. ಕುಡದು…” ಮಾಳಪ್ಪ ತಡೆದ. “ಕುಡದು ಹೊರಗ ಹೋಗಿ ಕಪ್ಪು ತೊಳದ ಸರ. ತೊಳದು ಕಟ್ಟಿ ಮ್ಯಾಲ ಬೋರಲ ಹಾಕಿಟ್ಟ.”

ಮೂಲೆಯಲ್ಲಿ ವೈರ್‌ಲೆಸ್ ಗೊರಗುಟ್ಟಿತು.

“ಮನಿ ಮಗಾ ಯಾಕ ಕಪ್ಪು ತೊಳದು ಹೊರಗ ಇಡ್ತಾನ್ರಿ ಮಾಳಪ್ಪ?”

ಯಾರು ತೊಳೆದು ಹೊರಗಿಡುತ್ತಾರೆಂಬುದು ಆ ಸೀಮೆಯಲ್ಲಿ ಹುಟ್ಟಿದ ಇಬ್ಬರಿಗೂ ಗೊತ್ತಿತ್ತು. ಮನೆಯವರು ಅಂಗಿ ಬದಲಿಸಿದ್ದರು, ಹೆಸರು ಕಲಿಸಿದ್ದರು. ಕಪ್ಪಿನ ವಿಷಯ ಅವರಿಗೆ ಹೊಳೆದೇ ಇರಲಿಲ್ಲ. ಅದು ಆ ಪಡಸಾಲೆಯಲ್ಲಿ ಕುಳಿತವರ ಕಣ್ಣಿಗೆ ಬೀಳುವಂಥದ್ದಾಗಿರಲಿಲ್ಲ.

ಶುಕ್ರವಾರ ಮಾಳಪ್ಪ ಮಫ್ತಿಯಲ್ಲಿ ಗಿರಣಿಯ ಎದುರಿನ ಚಹಾದಂಗಡಿಯಲ್ಲಿ ಕುಳಿತು ಫೋಟೋ ತೋರಿಸಿದ. “ಹಮಾಲ ಲೋಹಿತ ಅಲ್ಲೇನ್ರಿ? ಅಂಗಿ ಭಾರಿ ಹಾಕ್ಯಾನ” ಎಂದ ಅಂಗಡಿಯವ. ಲೋಹಿತ ಅಮಾವಾಸ್ಯೆಗೆಂದು ರಜೆ ಹಾಕಿ ತನ್ನೂರಾದ ಅಬಲೂರಿಗೆ ಹೋಗಿದ್ದ. ಶನಿವಾರ ಅಲ್ಲಿಗೆ ಹೋದರೆ, ಅಕ್ಕನ ಮನೆಗೆ ಹೋಗಿದ್ದಾನೆ, ರಾತ್ರಿಗೆ ಬರುತ್ತಾನೆ ಎಂದರು. ಸೋಮವಾರಕ್ಕೆ ಒಂದೇ ದಿನ ಉಳಿಯಿತು.

ಭಾನುವಾರ ಬೆಳಿಗ್ಗೆ ಏಳಕ್ಕೆ ಜೀಪು ಅಬಲೂರಿನಲ್ಲಿತ್ತು. ಲೋಹಿತ ಹಲ್ಲುಜ್ಜುತ್ತ ಹೊರಬಂದವನು ಮಾಳಪ್ಪನನ್ನು ಕಂಡು ನೀರಿನ ತಂಬಿಗೆ ಕೆಳಗಿಟ್ಟ. ಅವನ ತಾಯಿ ಅಡಿವೆವ್ವ ಬಾಗಿಲಲ್ಲೇ ಕೂತುಬಿಟ್ಟಳು.

“ಏನ್ ಮಾಡ್ಯಾನ್ರೀ ನನ ಮಗಾ?”

“ಅಂಜಬ್ಯಾಡ್ರಿ ಯವ್ವಾ. ಬರೇ ಕೇಳಾಕ ಬಂದೇವಿ” ಎಂದರು ಮೃತ್ಯುಂಜಯ. “ನಿನ್ನ ಹೆಸರೇನಪಾ?”

“ಲೋಹಿತ ರೀ.”

“ಅಕ್ಟೋಬರ್ ಎರಡನೇ ತಾರೀಖು ಏನಿತ್ತು?”

ಅವನು ತಾಯಿಯನ್ನು ನೋಡಿದ. “ಚನ್ನೇಶ ಧಣ್ಯಾರು ಅಂಗಿ ಕೊಟ್ಟು, ಇವತ್ತೊಂದ ತಾಸು ನೀ ಗುರುಶಾಂತ ಅಂದ್ರು. ಯಾಕ ಅಂತ ಕೇಳಲಿಲ್ರಿ ನಾ.”

“ಪೊಲೀಸ್ರ ಹೆದರಿಕಿ ಆಗಲಿಲ್ಲೇನು?”

“ಪೊಲೀಸ್ರದ್ದಲ್ರಿ. ಹತ್ತ ವರ್ಷ ಆ ಗಿರಣ್ಯಾಗ ಚೀಲ ಹೊತ್ತೇನಿ, ಆ ಪಡಸಾಲ್ಯಾಗ ಕಾಲಿಟ್ಟಿದ್ದು ಅದ ಮೊದಲ್ರಿ. ಅದರದ್ದ ಹೆದರಿಕಿ ಆತು.”

“ಗುರುಶಾಂತ ಎಲ್ಲದಾನಂತ ಗೊತ್ತೇನು ನಿನಗ?”

“ಕಾರವಾರ ಬಂದರದಾಗ ಆಫೀಸ್ ಕೆಲಸ ಅಂತಾರ್ರಿ ಎಲ್ಲಾರೂ.”

“ಜೇಲಿನ್ಯಾಗ ಅದಾನ. ನೀ ಅವತ್ತು ಅಂವ ಆಗಿ ನಿಂತದ್ದಕ್ಕ ಅಂವ ಹೊರಗ ಬರಾಕ ಆಗವಲ್ದು.”

ಲೋಹಿತ ಒಳಗೆ ಹೋಗಿ ಗೂಟದಲ್ಲಿದ್ದ ನೀಲಿ ಚೌಕಳಿ ಅಂಗಿ ತಂದು ಕೊಟ್ಟ. ಪಂಚರ ಸಮಕ್ಷಮ ಅಂಗಿಯ ಪಂಚನಾಮೆ ಆಯಿತು. ಸೋಗು ಹಾಕಿ ಸರ್ಕಾರಿ ನೌಕರನನ್ನು ವಂಚಿಸಿದ ಆರೋಪದ ಮೇಲೆ ಎಫ್‌ಐಆರ್ ದಾಖಲಾಯಿತು. ಒಂದನೇ ಆರೋಪಿ ಚನ್ನೇಶ.

ಹನ್ನೊಂದೂಕಾಲಕ್ಕೆ ಅಕ್ಕಿಆಲೂರು. ಪರಮೇಶ್ವರಪ್ಪನವರ ಮನೆಯ ಮುಂದೆ ಶಿಗ್ಗಾಂವಿಯ ಬೀಗರ ಎರಡು ಕಾರು ನಿಂತಿದ್ದವು. ಪಡಸಾಲೆಯ ಜಮಖಾನದ ಮೇಲೆ ಹತ್ತು ಹನ್ನೆರಡು ಮಂದಿ. ಗೋದಿ ಹುಗ್ಗಿಯ ವಾಸನೆ. ಖಾಕಿ ಕಂಡು ಮಾತು ನಿಂತಿತು.

ಪರಮೇಶ್ವರಪ್ಪ ಎದ್ದು ಬಂದು ದನಿ ತಗ್ಗಿಸಿದರು. “ಸಾಹೇಬ್ರ, ಕೈ ಮುಗೀತೇನಿ. ಸಂಜಿಮುಂದ ನಾನ ಠಾಣೆಗೆ ಬರ್ತೇನಿ. ಇದೊಂದು ಮುಗೀಲಿ.”

“ನಾಳೆ ಮುಂಜಾನೆ ಪಟ್ಟಿ ಹೋಗ್ತೈತ್ರಿ. ಸಂಜಿತನಕ ನಿಂದ್ರಾಕ ಆಗೂದಿಲ್ಲ.”

ಪಕ್ಕದ ಕೋಣೆಯಲ್ಲಿ ಚನ್ನೇಶ ಮೊದಲು ನಿರಾಕರಿಸಿದ. ಬಾಗಿಲಲ್ಲಿ ನಿಂತ ಲೋಹಿತನನ್ನೂ, ಮಾಳಪ್ಪನ ಕೈಯಲ್ಲಿದ್ದ ಅಂಗಿಯನ್ನೂ ಕಂಡ ಮೇಲೆ ಮಂಚದ ತುದಿಯಲ್ಲಿ ಕುಳಿತ.

“ತಮ್ಮ ಜೇಲಿನ್ಯಾಗ ಅದಾನ ಅಂತ ಯಾವಾಗ ಗೊತ್ತಾತು?”

“ಮನಿಗೆ ಬರೂಕಿಂತ ಮೊದಲ ನೀವು ಫೋಟೋ ಕಳಿಸಿದ್ರಲ್ಲ, ಅವಾಗ. ನೋಡಿದ ಕೂಡಲೇ ಗುರ್ತ ಹತ್ತಿತು.”

“ಮತ್ತ ಯಾಕ?”

“ಜೇಲು ಅಂದಿದ್ರ ತಡಕೋತಿದ್ದಿವ್ರಿ. ಜಗಳದಾಗ ಹೋದ, ಹೊಲದ ವ್ಯಾಜ್ಯದಾಗ ಹೋದ ಅನ್ನಬಹುದಿತ್ತು.” ಅವನ ದನಿ ಇಳಿಯಿತು. “ಮೀನ ಹಿಡಿಯಾಕ ಹೋಗಿದ್ದ ಅಂತ ಪೇಪರಿನ್ಯಾಗ ಬರ್ತಿತ್ತು. ತತ್ತಿ ಸುದ್ದಾ ಒಳಗ ಬರದ ಮನಿ ನಮ್ಮದು. ದಿನಾ ಲಿಂಗಪೂಜಿ ಮಾಡೂ ಕೈಯಿಂದ… ಇವರು ಎದ್ದು ಹೋಗ್ತಿದ್ರು ಸರ. ಮೂರ ಸಲ ಮುರದೈತಿ ನಮ್ಮ ತಂಗಿ ಸಂಬಂಧ. ಲಗ್ನಾ ಒಂದು ಆಗಲಿ, ಆಮ್ಯಾಲ ನಾನ ಖುದ್ದು ಬಂದು ಹೇಳಬೇಕು ಅಂತಿದ್ನಿ. ಅಂವ ಎಲ್ಲಿ ಓಡಿ ಹೊಕ್ಕಾನ, ಅಲ್ಲೇ ಇರ್ತಾನಲ್ಲ ಅಂದ್ಕೊಂಡ್ನಿ.”

“ಇರ್ತಾನ” ಎಂದರು ಮೃತ್ಯುಂಜಯ. “ಅದ ತ್ರಾಸು.”

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಚನ್ನೇಶನ ಬಂಧನವಾಯಿತು. ಅವನು ಎದುರು ಆಡಲಿಲ್ಲ. ತಮ್ಮನ ಮೇಲೆ ಅವನಿಗೆ ದ್ವೇಷವಿರಲಿಲ್ಲ. ಹೊಸ್ತಿಲು ದಾಟುವಾಗ, ಕರಾಚ್ಯಾಗ ಥಂಡಿ ಬಾಳ ಇರ್ತೈತೇನ್ರಿ ಎಂದು ಮಾಳಪ್ಪನನ್ನು ಕೇಳಿದ.

ಆದರೆ ಹೇಳಿಕೆ ಇನ್ನೂ ಆಗಿರಲಿಲ್ಲ. ಆರೋಪಿಯ ಮಾತಿನ ಮೇಲೆ ಪಟ್ಟಿ ತಿದ್ದಲು ಬರುವುದಿಲ್ಲವೆಂದು ಎಸ್‌ಪಿ ಕಚೇರಿ ಸ್ಪಷ್ಟವಾಗಿ ಹೇಳಿತ್ತು. ಮೃತ್ಯುಂಜಯ ಜೈಲಿನ ಫೋಟೋವನ್ನು ಪರಮೇಶ್ವರಪ್ಪನವರ ಮುಂದೆ ಹಿಡಿದರು. ಬೀಗರೆಲ್ಲ ಅವರನ್ನೇ ನೋಡುತ್ತಿದ್ದರು. ಮುದುಕರು ಕನ್ನಡಕ ಹಾಕಿಕೊಂಡರು, ತೆಗೆದರು.

“ಗುರ್ತ ಸಿಗವಲ್ದು.”

“ಇನ್ನೊಮ್ಮೆ ನೋಡ್ರಿ.”

“ಗಡ್ಡ ಐತಿ… ನನಗ ಹೇಳಾಕ ಬರೂದಿಲ್ಲ.”

ತಾಯಿ ತೀರಿಹೋಗಿ ಆರು ವರ್ಷವಾಗಿತ್ತು. ಮೃತ್ಯುಂಜಯ ಮಹಿಳಾ ಕಾನ್‌ಸ್ಟೆಬಲ್ ಶಬೀನಾಳ ಕಡೆ ತಿರುಗಿದರು. ಆಕೆ ಫೋಟೋ ತೆಗೆದುಕೊಂಡು ಅಡುಗೆಮನೆಗೆ ಹೋದಳು. ಹಸಿರು ರೇಷ್ಮೆ ಸೀರೆಯ ಸುಧಾರಾಣಿ ಗೋಡೆಗೆ ಅಂಟಿ ನಿಂತಿದ್ದಳು. ಸುತ್ತ ಚಿಗವ್ವಂದಿರು.

“ತಂಗೀ, ನೀ ಹೇಳಲೇಬೇಕು ಅಂತ ನಾ ಅನ್ನೂದಿಲ್ಲ” ಎಂದಳು ಶಬೀನಾ. “ಆದ್ರ ಇನ್ನ ಕೇಳಾಕ ಯಾರೂ ಉಳದಿಲ್ಲ.”

ಸುಧಾರಾಣಿ ಫೋಟೋ ಕೈಗೆ ತೆಗೆದುಕೊಂಡಳು. ಬಹಳ ಹೊತ್ತು ನೋಡಲಿಲ್ಲ, ಬೇಕಾಗಲಿಲ್ಲ.

“ಇಲ್ಲೇ ಹೇಳಿದ್ರ ನಡೀತೈತಿ. ನಾ ಸಾಹೇಬ್ರನ್ನ ಒಳಗ ಕರೀತೇನಿ” ಎಂದು ಶಬೀನಾ ಮೆಲ್ಲಗೆ ಅಂದಳು.

“ಬ್ಯಾಡ್ರಿ.”

ಚಿಗವ್ವ ಸೆರಗು ಹಿಡಿದು ಜಗ್ಗಿದಳು. ಆ ಕೈಯನ್ನು ಬಿಡಿಸಿಕೊಂಡು ಆಕೆ ಪಡಸಾಲೆಗೆ ಬಂದು ಜಮಖಾನದ ಅಂಚಿನಲ್ಲಿ ನಿಂತಳು. ಗಂಡಿನ ಸೋದರಮಾವ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದ. ಪರಮೇಶ್ವರಪ್ಪ ಒಮ್ಮೆ ಕತ್ತೆತ್ತಿ ಮಗಳನ್ನು ನೋಡಿ, ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಮಾಳಪ್ಪ ಪೆನ್ನು ತೆಗೆದ.

ಸುಧಾರಾಣಿ ಫೋಟೋವನ್ನು ಬೀಗರ ಕಡೆಗೆ ತಿರುಗಿಸಿ ಹಿಡಿದಳು.

“ಇಂವ ನಮ್ಮ ಗುರುಶಾಂತಣ್ಣ. ಮೀನ ಹಿಡಿಯಾಕ ಹೋಗಿದ್ದ.”