ನೀಲಿ ಮಳೆ

ರೇಡಿಯೋದಲ್ಲಿ ಹವಾಮಾನ ಹೇಳುವವನಿಗೆ ಅವಳು ಮೊದಲ ಸಲ ಫೋನ್ ಮಾಡಿದ್ದು ಬೈಯುವುದಕ್ಕೆ.

ಗುಡ್ಡದ ಬುಡದ ಬೀದಿಯಲ್ಲಿ ಅವಳೂ ಅವಳ ಅತ್ತಿಗೆಯೂ ಸೇರಿ ಒಂದು ಲಾಂಡ್ರಿ ಇಟ್ಟಿದ್ದರು. ಹೋಟೆಲಿನ ಬೆಡ್‌ಶೀಟುಗಳನ್ನು ಒಗೆದು, ನೀಲಿ ಹಾಕಿ, ತಾರಸಿಯ ಹಗ್ಗಕ್ಕೆ ಹರವಿದರೆ ಅವು ಗಾಳಿಗೆ ಪಟಪಟ ಬಡಿದುಕೊಂಡು ಒಣಗಬೇಕು. ನೀಲಿ ನೀರಿನಲ್ಲಿ ಕೈಯಾಡಿಸಿ ಅವಳ ಉಗುರಿನ ಸಂದಿ ಯಾವತ್ತೂ ತಿಳಿನೀಲಿ. ಆ ದಿನ “ಒಣಹವೆ ಇರುವ ಸಾಧ್ಯತೆ ಇದೆ” ಎಂದು ರೇಡಿಯೋ ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಗುಡ್ಡದಿಂದ ಮೋಡ ಇಳಿದು ಎಲ್ಲವನ್ನೂ ತೊಪ್ಪೆ ಮಾಡಿತ್ತು.

“ರೀ ಸ್ವಾಮಿ, ಸಾಧ್ಯತೆ ಸಾಧ್ಯತೆ ಅಂತ ರಾಗ ಎಳೀತೀರಲ್ಲ, ಬರುತ್ತೆ, ಇಲ್ಲ ಬರಲ್ಲ, ಅಂತ ಒಂದು ಮಾತು ಹೇಳೋಕೆ ಆಗಲ್ವಾ? ಈಗ ನನ್ನ ಬಟ್ಟೆ ನೀವು ಬಂದು ಒಣಗಿಸ್ತೀರಾ?”

ಆ ಕಡೆಯಿಂದ ರೇಡಿಯೋದ್ದೇ ಗಂಟಲು, ಆದರೆ ನಗು ಬೆರೆತದ್ದು, “ಎಲ್ಲಿಗೆ ಬರಬೇಕು ಹೇಳಿ” ಎಂದಿತು.

ಸಂಜೆಗೆ ಬಂದೇ ಬಿಟ್ಟ. ತೆಳ್ಳಗಿನ ಆಳು. ಮಾತಾಡುವಾಗ ಎದುರಿನವರ ಮುಖ ಬಿಟ್ಟು ಆಕಾಶ ನೋಡುವ ಚಾಳಿ.

“ನಮ್ಮ ಅಳತೆಯ ಸಾಮಾನೆಲ್ಲ ಗುಡ್ಡದ ಆಚೆ ಇದೆ. ಅಲ್ಲಿ ಬಿಸಿಲು” ಎಂದ. “ತೇವದ ಗಾಳಿ ಗುಡ್ಡಕ್ಕೆ ಡಿಕ್ಕಿ ಹೊಡೆದು ಮೇಲೆ ಹತ್ತುತ್ತೆ. ಮೇಲೆ ಹೋದಷ್ಟೂ ತಣ್ಣಗಾಗುತ್ತೆ. ಆಗ...”

“ಗೊತ್ತಾಯ್ತು ಬಿಡಿ. ಇಸ್ತ್ರಿ ಹಬೆ ತಣ್ಣನೆ ಕಿಟಕಿ ಗಾಜಿಗೆ ತಾಗಿ ಹನಿಯಾಗುತ್ತಲ್ಲ, ಹಾಗೆ.”

ಅವನು ಆಕಾಶ ಬಿಟ್ಟು ಒಂದು ಗಳಿಗೆ ಅವಳನ್ನು ನೋಡಿದ. ಅವಳು ಬೆಡ್‌ಶೀಟಿನ ಎರಡು ತುದಿ ಅವನ ಕೈಗಿತ್ತು, “ನೋಡ್ತಾ ನಿಂತ್ರೆ ಆಗಲ್ಲ, ಹಿಡೀರಿ” ಎಂದಳು. ಮಡಿಸುತ್ತಾ ಮಡಿಸುತ್ತಾ ಇಬ್ಬರೂ ಹತ್ತಿರ ಬಂದು, ತುದಿಗೆ ತುದಿ ಸೇರಿಸುವಾಗ ಬೆರಳಿಗೆ ಬೆರಳು ತಾಗಿತು. ಶೀಟು ಇನ್ನೂ ಹಸಿಯಾಗಿತ್ತು. ಹಸಿ ಬಟ್ಟೆಯನ್ನು ಯಾರೂ ಮಡಿಸುವುದಿಲ್ಲ ಎಂದು ಅವಳಿಗೆ ಹೊಳೆದದ್ದು ಅವನು ಹೋದ ಮೇಲೆ.

ವಾರದೊಳಗೆ ಅವನು ತಾರಸಿಯ ಮೂಲೆಗೆ ಮಳೆ ಅಳೆಯುವ ಡಬ್ಬ ಕೂರಿಸಿದ. “ನೀರು ಬಿದ್ದಾಗ ಫೋನ್ ಮಾಡಿ, ಬಂದು ಅಳೀತೀನಿ.” ಮಳೆಗಾಲವಿಡೀ ಅವಳು ಫೋನ್ ಮಾಡಿದಳು, ಅವನು ಬಂದ. ರೇಡಿಯೋದಲ್ಲೂ ಒಂದು ಸಾಲು ಹೆಚ್ಚಾಯಿತು: “ಗುಡ್ಡದ ಬೀದಿಯವರು ಬಟ್ಟೆ ಒಳಗೆ ತೆಗೆದುಕೊಳ್ಳುವುದು ಒಳ್ಳೆಯದು.”

“ಬೀದಿಯವರಂತೆ, ಬೀದಿಯವರು!” ಎಂದಳು ಅತ್ತಿಗೆ. “ಈ ಬೀದೀಲಿ ಇರೋಳು ನೀನೊಬ್ಬಳೇನೇ?”

“ಸುಮ್ನಿರಿ ಅತ್ತಿಗೆ.” ಆದರೆ ಮುಖದ ಕೆಂಪು ಇಸ್ತ್ರಿಯ ಬಿಸಿಯದಲ್ಲ.

ಮಳೆ ನಿಂತಿತು. ಶೀಟುಗಳು ಗರಿಗರಿ ಒಣಗತೊಡಗಿದವು. ಬಿಸಿಲು ಬಂದದ್ದಕ್ಕೆ ಮುಖ ಸಣ್ಣಗೆ ಮಾಡಿಕೊಂಡ ಲಾಂಡ್ರಿಯವಳು ಇವಳೊಬ್ಬಳೇ. ಕೊನೆಯ ಸಲ ಬಂದಾಗ ಅವನು ಹೇಳಿದ್ದ: “ಮಳೆ ಪೂರ್ತಿ ನಿಂತರೆ ಈ ಡಬ್ಬ ಬಿಚ್ಚಿ ಬೇರೆ ಕಡೆ ಹಾಕ್ಬೇಕಂತೆ.” ಡಬ್ಬ ಹೋದರೆ ಅವನು ಇಲ್ಲಿಗೆ ಬರುವುದಾದರೂ ಯಾಕೆ? ಮೋಡದ ತುಣುಕೊಂದು ಕಂಡರೆ ಸಾಕೆಂದು ದಿನಾ ಗುಡ್ಡದ ಕಡೆ ನೋಡಿದಳು. ಕೊನೆಗೊಂದು ಬೆಳಿಗ್ಗೆ ಅತ್ತಿಗೆಯ ಕಣ್ಣು ತಪ್ಪಿಸಿ, ಕೈಗೆ ಸಿಕ್ಕ ಚೊಂಬಿನ ನೀರನ್ನು ಡಬ್ಬಕ್ಕೆ ಸುರಿದು ಫೋನ್ ಮಾಡಿದಳು.

ಅವನು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿದ. “ಜೋರಾಗಿ ಬಂತಾ?”

“ಹೂಂ. ಸುರೀತು.”

“ಪಕ್ಕದ ತಾರಸಿ ಮೇಲೆ ಧೂಳು ಹಾಗೇ ಇದೆಯಲ್ಲ?”

“ನಮ್ಮ ತಾರಸಿಗೆ ಮಾತ್ರ ಬಂತು.”

ಅವನು ನೀರನ್ನು ಅಳತೆಯ ಗಾಜಿನ ಕೊಳವೆಗೆ ಸುರಿದು ಬಿಸಿಲಿಗೆ ಹಿಡಿದ. ತಿಳಿನೀಲಿ ನೀರು. ಮೇಲೊಂದು ಸೋಪಿನ ಗುಳ್ಳೆ ಠೀವಿಯಿಂದ ಕೂತಿತ್ತು. ಅವಳು ಬೆರಳುಗಳನ್ನು ಕೈಯಲ್ಲಿದ್ದ ಟವೆಲಿನೊಳಗೆ ಬಚ್ಚಿಟ್ಟುಕೊಂಡಳು.

“ಇಷ್ಟು ವರ್ಷದಲ್ಲಿ ನೀಲಿ ಮಳೆ ನೋಡಿದ್ದು ಇದೇ ಮೊದಲು” ಎಂದ, ನಗು ಕಚ್ಚಿ ಹಿಡಿದು. “ಆಫೀಸಿಗೆ ಏನಂತ ಹೇಳ್ಲಿ?”

“ಮಳೆ ಬಂತು ಅಂತ ಹೇಳಿ.”

“ಸುಳ್ಳಾಗುತ್ತೆ.”

“ಹಾಗಾದ್ರೆ ನಿಜಾನೇ ಹೇಳಿ!” ಅವಳಿಗೆ ಸಿಟ್ಟೂ ಬಂತು, ಕಣ್ಣೂ ತುಂಬಿತು. “ಮಳೆ ನಿಂತ್ರೆ ಡಬ್ಬ ಹೋಗುತ್ತೆ, ಡಬ್ಬ ಹೋದ್ರೆ ನೀವು ಬರಲ್ಲ. ಅದಕ್ಕೆ ನಾನೇ ಸುರಿದೆ ಅಂತ ಹೇಳಿ.”

ಅವನು ಆಕಾಶ ನೋಡಲಿಲ್ಲ. ಟವೆಲನ್ನು ಮೆಲ್ಲಗೆ ಸರಿಸಿ ಆ ನೀಲಿ ಉಗುರುಗಳನ್ನೇ ನೋಡುತ್ತಾ ನಿಂತ. “ಡಬ್ಬ ಹೋಗ್ಲಿ ಬಿಡಿ. ಮಳೆ ಇಲ್ಲದ ದಿನ ಏನು ನೆಪ ಹೇಳಿ ಬರಲಿ ಅಂತ ನಾನೂ ತಲೆ ಕೆಡಿಸಿಕೊಂಡಿದ್ದೆ.”

“ನೆಪ ಇಲ್ದೇ ಬರೋ ಸಾಧ್ಯತೆ ಇದೆಯಾ?”

ಅವನು ನಕ್ಕ. ಡಬ್ಬ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡ. “ನಾಳೆ ಮಧ್ಯಾಹ್ನ ರೇಡಿಯೋ ಹಾಕಿ” ಎಂದಷ್ಟೇ ಹೇಳಿ ಮೆಟ್ಟಿಲಿಳಿದ.

“ಉತ್ತರ ಕೊಡದೇ ಹೋದ್ನಲ್ಲೇ ನಿನ್ನ ಮಳೆರಾಯ!” ಕೆಳಗಿನಿಂದ ಅತ್ತಿಗೆಯ ಕೂಗು. ಎಲ್ಲ ಕೇಳಿಸಿಕೊಂಡಿದ್ದಳು.

ಮರುದಿನ ಮಧ್ಯಾಹ್ನ ಇಬ್ಬರೂ ಕೆಲಸ ಬಿಟ್ಟು ರೇಡಿಯೋದ ಮುಂದೆ ಕೂತರು. ಊರಿಗೆಲ್ಲ ಒಣಹವೆಯ ಸಾಧ್ಯತೆ ಹೇಳಿ ಮುಗಿಸಿ, ಗಂಟಲು ಸರಿಮಾಡಿಕೊಂಡು, ಅವನು ಅಂದ: “ಗುಡ್ಡದ ಬೀದಿಯಲ್ಲಿ ಇವತ್ತು ಮಳೆ ಬರುವುದಿಲ್ಲ. ಸಂಜೆ ಬರಬೇಕಾದವರು ಬಂದೇ ಬರುತ್ತಾರೆ.”

“ಅಬ್ಬಾ, ಒಂದು ಸಲವಾದ್ರೂ ನೆಟ್ಟಗೆ ಹೇಳಿದ!” ಎಂದು ಅತ್ತಿಗೆ ಚಪ್ಪಾಳೆ ತಟ್ಟಿದಳು.

ಅವಳಾಗಲೇ ತಾರಸಿಯಲ್ಲಿದ್ದಳು. ಒಣಗಿದ ಬಟ್ಟೆಯನ್ನೆಲ್ಲ ತೆಗೆದು, ಎಲ್ಲಕ್ಕಿಂತ ದೊಡ್ಡ ಬೆಡ್‌ಶೀಟೊಂದನ್ನು ಹಗ್ಗದ ಮೇಲೇ ಬಿಟ್ಟಳು. ಅದನ್ನು ಮಡಿಸುವುದು ಒಬ್ಬರ ಕೈಲಿ ಆಗುವುದಿಲ್ಲ.