ಕೆಂಭಾವಿ ಕ್ಯಾಂಪಿನ ಟೇಪು

1998ರ ಮಾರ್ಚ್ 12, ಗುರುವಾರ ಬೆಳಿಗ್ಗೆ 9.40ಕ್ಕೆ ಸುರಪುರ ಠಾಣೆಗೆ ಬಂದ ದೂರನ್ನು ಕೇಳಿ ಕಾನ್‌ಸ್ಟೇಬಲ್ ಚಾಂದಪಾಶಾನಿಗೆ ನಗು ತಡೆಯಲಾಗಲಿಲ್ಲ. ರಂಗಂಪೇಟೆಯ ಅಮರಪ್ಪ, ವಯಸ್ಸು ಅರವತ್ಮೂರು, ತನ್ನ ಮನೆಯ ಪೆಟ್ಟಿಗೆಯಿಂದ ಒಂದು ಹಳೆಯ ಟೇಪು ಕಳುವಾಗಿದೆ ಎಂದು ಬರೆದುಕೊಟ್ಟಿದ್ದ. ಎಮ್ಮೆ ಕಳವು, ಮೋಟಾರು ಕಳವು ದಿನಾ ಬರುವ ಠಾಣೆಯಲ್ಲಿ ಟೇಪಿನ ಕಳವು ಇದೇ ಮೊದಲು.

ಸಬ್‌ಇನ್‌ಸ್ಪೆಕ್ಟರ್ ಹಣಮಂತ್ರಾಯ ನಗಲಿಲ್ಲ. ಭಾನುವಾರ ಊರಿನಲ್ಲಿ ಹಿರಿಯ ನಟಿ ದೇವಕಮ್ಮಳಿಗೆ ಸನ್ಮಾನ ಇತ್ತು, ಅಲ್ಲಿ ಇದೇ ಟೇಪನ್ನು ಹಾಕುವುದಾಗಿ ಅಮರಪ್ಪ ಊರೆಲ್ಲ ಡಂಗುರ ಹೊಡೆದಿದ್ದ. ಬೆಳಿಗ್ಗೆಯಿಂದ ದೊಡ್ಡವರ ಎರಡು ಫೋನ್ ಬಂದಿದ್ದವು. ಎಫ್‌ಐಆರ್ ಆಯಿತು: ಅಪರಾಧ ಸಂಖ್ಯೆ 31/98, ಮನೆಯೊಳಗಿನ ಕಳವು.

ಅಮರಪ್ಪ ಮೊದಲು ನಾಟಕ ಕಂಪನಿಯಲ್ಲಿ ಮೈಕು ಹಿಡಿದು ಕೂಗುವವನಾಗಿದ್ದ. ಆಮೇಲೆ ರೇಡಿಯೋದಲ್ಲಿ ರೈತರ ಕಾರ್ಯಕ್ರಮಕ್ಕೆ ದಿನಗೂಲಿ ಮೇಲೆ ಹೋಗುತ್ತಿದ್ದ. ದನಿ ಇನ್ನೂ ಗಟ್ಟಿಯಾಗಿತ್ತು, ಮಾತು ಮಾತ್ರ ಬೇಕಾದ್ದಕ್ಕಿಂತ ಜಾಸ್ತಿ.

"ಏನದ ಆ ಟೇಪಿನ್ಯಾಗ?" ಹಣಮಂತ್ರಾಯ ಕೇಳಿದ.

"ಕಾಲುವಿ ಕೆಲಸ ನಡದಾಗ ನಮ್ಮ ಕಂಪನಿ ಕೂಲಿ ಮಂದಿ ಕ್ಯಾಂಪ್‌ನಿಂದ ಕ್ಯಾಂಪಿಗಿ ಹೋಗ್ತಿತ್ರಿ. ಕೆಂಭಾವಿ ಕ್ಯಾಂಪಿನ್ಯಾಗ ದೇವಕಮ್ಮನ ನಾಟಕ ರೇಡಿಯೋದವರು ಬಂದು ಟೇಪಿನ್ಯಾಗ ತುಂಬಿಕೊಂಡು ಹೋದ್ರು. ಒಂದು ಪ್ರತಿ ನನಗ ಕೊಟ್ಟಿದ್ರು. ಎಂಬತ್ನಾಲ್ಕು, ಅಕ್ಟೋಬರ್ ಇಪ್ಪತ್ತು."

"ತಾರೀಖು ಅಷ್ಟು ಬರೋಬ್ಬರಿ ನೆನಪದ ಏನು?"

"ಡಬ್ಬಿ ಮ್ಯಾಲ ನಾನೇ ಬರದೀನ್ರಿ."

11.15ಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಬಾಗಿಲು ಮುರಿದಿರಲಿಲ್ಲ, ಪೆಟ್ಟಿಗೆಯ ಬೀಗವೂ ಮುರಿದಿರಲಿಲ್ಲ. ಒಳಗೆ ಬೆಳ್ಳಿಯ ಪದಕ, ಕ್ಯಾಮೆರಾ, ದೊಡ್ಡ ಚಕ್ರದ ಇನ್ನೂ ಆರು ಟೇಪು ಎಲ್ಲ ಹಾಗೇ ಇದ್ದವು. ಅವನ್ನು ಹಾಕುವ ಭಾರದ ಯಂತ್ರ ಕಪಾಟಿನ ಮೇಲಿತ್ತು. ಚಾವಿ ದೇವರ ಫೋಟೋದ ಹಿಂದೆ.

"ಚಾವಿ ಅಲ್ಲಿರ್ತದಂತ ಯಾರಿಗಿ ಗೊತ್ತು?" ಹಣಮಂತ್ರಾಯ ಅಮರಪ್ಪನ ಹೆಂಡತಿ ಮೋನಮ್ಮಳನ್ನು ಕೇಳಿದ.

"ಮನಿಗಿ ಬಂದವರೆಲ್ಲರಿಗೂ ಗೊತ್ತದ್ರಿ. ಇವರು ಎಲ್ಲರ ಮುಂದನೇ ತಗದು ಆ ಟೇಪು ತೋರಸ್ತಾರ. ಸೋಮವಾರ ಶಹಾಪುರದ ಮಲ್ಕಪ್ಪ ಬಂದು ಟೇಪು ಬೇಕಂತ ಕೇಳಿದ್ದ. ಮಂಗಳವಾರ ದೇವಕಮ್ಮ, ಆಕಿ ಹೋದ ಮ್ಯಾಲ ಮಲ್ಲಿಕಮ್ಮ. ಅವತ್ತು ಟೇಪು ಇತ್ರಿ, ಇವತ್ತು ಮುಂಜಾನಿ ನೋಡಿದ್ರ ಇಲ್ಲ."

"ಮಲ್ಲಿಕಮ್ಮ ಯಾರು?"

ಉತ್ತರ ಕೊಟ್ಟವನು ಅಮರಪ್ಪ. "ಕಂಪನಿಯಾಗ ಸೀರಿ ಇಸ್ತ್ರಿ ಮಾಡಾಕಿರಿ. ಸಣ್ಣಪುಟ್ಟ ಪಾರ್ಟು ಮಾಡ್ತಿದ್ಳು. ಆಕೀದೇನು ಬಿಡ್ರಿ."

ಇಷ್ಟೊಂದು ಮಾತಾಡುವ ಮನುಷ್ಯ ಇದೊಂದು ಮಾತನ್ನು ಇಷ್ಟು ಬೇಗ ಮುಗಿಸಿದ್ದು ಹಣಮಂತ್ರಾಯನಿಗೆ ಸರಿ ಬರಲಿಲ್ಲ. ಆದರೂ ಅನುಮಾನ ಮೊದಲು ಹೋದದ್ದು ಮಲ್ಕಪ್ಪನ ಮೇಲೆ.

ಮಲ್ಕಪ್ಪ ಒಂದು ಕಾಲಕ್ಕೆ ಸಿನಿಮಾ ನಿರ್ದೇಶಕ. ಮಾಡಿದ್ದು ಒಂದೇ ಸಿನಿಮಾ, ಅದು ಯಾದಗಿರಿಯಲ್ಲಿ ಓಡಿದ್ದು ನಾಲ್ಕೇ ಆಟ. ಈಗ ಶಹಾಪುರದಲ್ಲಿ ಮದುವೆಯ ವಿಡಿಯೋ ತೆಗೆಯುತ್ತಾನೆ. ಮಧ್ಯಾಹ್ನ 2.30ಕ್ಕೆ ಪೊಲೀಸರು ಅಂಗಡಿ ಹುಡುಕಿದಾಗ ಸಿಕ್ಕಿದ್ದು ಹೂವಿನ ಹಾರ ಹಾಕಿಕೊಂಡ ವಧೂವರರ ಕ್ಯಾಸೆಟ್ಟುಗಳು ಮಾತ್ರ.

"ಟೇಪು ಕೇಳಿದ್ಯಾ ಇಲ್ಲ ಅಮರಪ್ಪಗ?"

"ಕೇಳಿದ್ದೆರಿ. ದೇವಕಮ್ಮನ ಮ್ಯಾಲ ಒಂದು ವಿಡಿಯೋ ಮಾಡಾಕತ್ತೇನಿ. ಭಾನುವಾರ ಹಾಕಿದಾಗ ತುಂಬಿಕೊ ಅಂದ. ಪುಗಸಟ್ಟೆ ಸಿಗೋದನ್ನ ಕದೀಲೇನ್ರಿ?"

"ಮಂಗಳವಾರ, ಬುಧವಾರ ಎಲ್ಲಿದ್ದಿ?"

"ಗೋಗಿಯಾಗ ಮದುವಿ. ಮುನ್ನೂರು ಮಂದಿ ನೋಡ್ಯಾರ, ನನ್ನ ಕಡಿ ನೋಡಿ ನಕ್ಕಾರ ಕೂಡ." ಹೊರಡುವಾಗ ಅವನು ತಾನಾಗಿಯೇ ಹೇಳಿದ: "ಒಂದು ಮಾತು ಸಾಹೇಬ್ರ. ಟೇಪಿನ ಸುದ್ದಿ ತಗದ್ರ ದೇವಕಮ್ಮಕ್ಕನ ಮಾರಿ ಸಣ್ಣದಾಗ್ತದ. ಯಾಕ ಗೊತ್ತಿಲ್ಲ."

ಶುಕ್ರವಾರ ಬೆಳಿಗ್ಗೆ 10.10ಕ್ಕೆ ದೇವಕಮ್ಮಳ ಹೇಳಿಕೆ. ಸುರಪುರದ ಮನೆಯ ಗೋಡೆ ತುಂಬ ಕಂಪನಿಯ ಹ್ಯಾಂಡ್‌ಬಿಲ್ಲುಗಳು, ಎಲ್ಲದರಲ್ಲೂ ಅವಳ ಹೆಸರು ದಪ್ಪ ಅಕ್ಷರದಲ್ಲಿ. ಚಹಾ ತಂದದ್ದು ಮಗಳು.

"ಟೇಪು ಕಳುವಾಗಿದ್ದು ಒಳ್ಳೇದೇ ಆಯ್ತೇನ್ರಿ?" ಹಣಮಂತ್ರಾಯ ನೇರವಾಗಿ ಕೇಳಿದ.

ದೇವಕಮ್ಮ ಸೆರಗು ಸರಿಪಡಿಸಿಕೊಂಡಳು. "ಹಾಂಗ್ಯಾಕ ಅಂತೀರಿ? ಹಳೇದು. ಹಾಕದಿದ್ರೂ ನಡೀತದ."

ಮನೆಯವರ ವಿವರ ಬರೆದುಕೊಳ್ಳುತ್ತಿದ್ದ ಚಾಂದಪಾಶಾ ಮಗಳ ವಯಸ್ಸು ಕೇಳಿದ. ಹುಡುಗಿ ಒಳಗಿಂದಲೇ ಹೇಳಿದಳು: "ಹದಿಮೂರು ಮುಗದಾವ್ರಿ. ಹುಟ್ಟಿದ್ದು ಎಂಬತ್ನಾಲ್ಕು, ಅಕ್ಟೋಬರ್ ಹದಿನೆಂಟು. ಯಾದಗಿರಿ ದವಾಖಾನ್ಯಾಗ."

ಚಾಂದಪಾಶಾನ ಪೆನ್ನು ನಿಂತಿತು. ಹಣಮಂತ್ರಾಯ ಚಹಾ ಕೆಳಗಿಟ್ಟ.

"ಹಡದು ಎರಡು ದಿನಕ್ಕ ಕೆಂಭಾವಿಗಿ ಹೋಗಿ ನಾಟಕ ಆಡಿದ್ರೇನು?"

ದೇವಕಮ್ಮ ಎದ್ದು ಒಳಕೋಣೆಯ ಬಾಗಿಲು ಎಳೆದುಕೊಂಡಳು. ಆಮೇಲೆ ಹೇಳಿದಳು: "ಆ ಟೇಪಿನ್ಯಾಗ ನಾ ಇಲ್ರಿ. ಆದ್ರ ನಾ ಕದ್ದಿಲ್ಲ. ಭಾನುವಾರ ಎಲ್ಲರ ಮುಂದ ಕುಂತು ಇನ್ನೊಬ್ಬಾಕಿ ದನಿಗಿ ಕೈ ಮುಗೀಬೇಕಲ್ಲ ಅಂತ ಹೆದರಿದ್ದೆ, ಅಷ್ಟೇ."

"ಹಂಗಾದ್ರ ಯಾರದು ದನಿ?"

"ಅಮರಪ್ಪಗ ಕೇಳ್ರಿ. ಮೈಕ್‌ನ್ಯಾಗ ನನ್ನ ಹೆಸರು ಕೂಗಿದವ ಅವನೇ."

ಮಧ್ಯಾಹ್ನ 12.30ಕ್ಕೆ ಠಾಣೆಯಲ್ಲಿ ಅಮರಪ್ಪನ ಗಟ್ಟಿ ದನಿ ಅರ್ಧಕ್ಕೆ ಇಳಿದಿತ್ತು. ಕಂಪನಿಗಳ ರೂಢಿಯೇ ಹಾಗೆ ಎಂದ. ನಾಯಕಿಗೆ ಜ್ವರವೋ ಬಾಣಂತನವೋ ಬಂದರೆ ಹ್ಯಾಂಡ್‌ಬಿಲ್ಲು ಮತ್ತೆ ಅಚ್ಚು ಹಾಕಿಸುವುದಿಲ್ಲ. ಪಾತ್ರದ ಮಾತು ಬಾಯಿಗೆ ಬರುವವಳು ಬಣ್ಣ ಹಚ್ಚುತ್ತಾಳೆ, ಹೆಸರು ಮೊದಲಿನವಳದೇ ಇರುತ್ತದೆ.

"ಹೆಸರು ಬದಲಿ ಮಾಡಿದ್ರ ಜನ ಗೇಟಿನಿಂದನೇ ವಾಪಸ್ ಹೋಗ್ತಾರ್ರಿ. ಮಲ್ಲಿಕಮ್ಮ ಸೀರಿ ಇಸ್ತ್ರಿ ಮಾಡ್ಕೋತ ಇಡೀ ನಾಟಕ ಬಾಯಿಪಾಠ ಮಾಡಿದ್ಳು. ನಲವತ್ತೊಂದು ಆಟ ಆಡ್ಯಾಳ. ಅದರಾಗ ಒಂದು ಆಟ ರೇಡಿಯೋದವರು ಬಂದಿದ್ದು."

"ಖರೇ ಹೇಳು. ಮಂಗಳವಾರ ಆಕಿ ಏನಂದ್ಳು?"

"ಭಾನುವಾರ ಮೈಕ್‌ನ್ಯಾಗ ಒಮ್ಮಿ ನನ್ನ ಹೆಸರು ಹೇಳಣ್ಣ ಅಂದ್ಳು. ಒಂದೇ ಒಮ್ಮಿ ಅಂದ್ಳು." ಅಮರಪ್ಪ ನೆಲ ನೋಡಿದ. "ನಾ ನಕ್ಕುಬಿಟ್ಟೆ. ಇಷ್ಟು ವರ್ಷ ದೇವಕಮ್ಮಂದು ಅಂತ ಹೇಳ್ಕೋತ ಬಂದೀನಿ, ಈಗ ಅಲ್ಲಂದ್ರ ಜನ ನನಗ ಏನಂತಾರ?"

ಅವನ ಮೇಲೆ ಹಣಮಂತ್ರಾಯನಿಗೆ ಸಿಟ್ಟು ಬಂತು. ಆದರೆ ನಕ್ಕದ್ದಕ್ಕೆ ಯಾವ ಕಲಮೂ ಇಲ್ಲ.

ಮಲ್ಲಿಕಮ್ಮ ಯಾದಗಿರಿಯಲ್ಲಿ ಬಟ್ಟೆ ಇಸ್ತ್ರಿ ಮಾಡಿ ಬದುಕುತ್ತಾಳೆ, ಸ್ಟೇಷನ್ ರಸ್ತೆಯಲ್ಲಿ ಅವಳ ತಳ್ಳುಗಾಡಿ ಇದೆ ಎಂದು ಗೊತ್ತಾಯಿತು. ಕೂಡಲೇ ಹೋಗಿ ಹಿಡಿಯೋಣವೇ ಎಂಬ ಮಾತು ಬಂದಾಗ ಚಾಂದಪಾಶಾ ತಲೆಯಾಡಿಸಿದ.

"ಟೇಪು ಎಲ್ಲಿಟ್ಟಾಳೋ ಏನೋ ಸಾಹೇಬ್ರ. ಸುಡಾಕ ಒಯ್ದಿದ್ರ ಕೇಸು ಮುಗೀತು. ಕೇಳಾಕ ಒಯ್ದಿದ್ರ ಮಷೀನ್ ಬೇಕು. ಇದು ಹೋಟೆಲ್ ಟೇಪ್‌ರಿಕಾರ್ಡಿನ್ಯಾಗ ಹೋಗಾಂಗಿಲ್ಲ. ಪಾಪ, ಆಕಿಗಿ ಅದೂ ಗೊತ್ತಿರಲಿಕ್ಕಿಲ್ಲ."

ಅವನು ಹೇಳಿದ್ದು ಸರಿ ಇತ್ತು. ಯಾದಗಿರಿ ಠಾಣೆಗೆ ತಿಳಿಸಿ ರೇಡಿಯೋ ರಿಪೇರಿ ಅಂಗಡಿಗಳನ್ನು ವಿಚಾರಿಸಿದರು. ಅಂಥ ಹಳೆಯ ಯಂತ್ರ ಇದ್ದದ್ದು ಮಾನಪ್ಪನ ಅಂಗಡಿಯಲ್ಲಿ ಮಾತ್ರ.

"ಬುಧವಾರ ಇಸ್ತ್ರಿ ಅಂಗಡಿ ಅಕ್ಕ ಬಂದಿದ್ಳರಿ," ಎಂದ ಮಾನಪ್ಪ. "ಸೆರಗಿನ್ಯಾಗ ದೊಡ್ಡ ಟೇಪು ಕಟ್ಕೊಂಡು. ಮಷೀನಿನ ಬೆಲ್ಟ್ ಹೋಗ್ಯಾದ, ಶನಿವಾರ ಬಾ ಅಂದೀನಿ. ಟೇಪು ಇಟ್ಟು ಹೋಗಂದ್ರ ಕೊಡಲಿಲ್ಲ."

ಮಾರ್ಚ್ 14, ಶನಿವಾರ 10.50. ಅಂಗಡಿಯ ಒಳಕೋಣೆಯಲ್ಲಿ ಹಣಮಂತ್ರಾಯ, ಚಾಂದಪಾಶಾ, ಮಹಿಳಾ ಕಾನ್‌ಸ್ಟೇಬಲ್ ಸಾಯಬಮ್ಮ ಮತ್ತು ಇಬ್ಬರು ಪಂಚರು ಕಾಯುತ್ತಿದ್ದರು. 11.05ಕ್ಕೆ ಮಲ್ಲಿಕಮ್ಮ ಬಂದಳು. ಐವತ್ತರ ಹೆಂಗಸು, ಮುಂಗೈ ತುಂಬ ಇಸ್ತ್ರಿ ಸುಟ್ಟ ಕಲೆ. ಪೊಲೀಸರನ್ನು ನೋಡಿ ಓಡಲಿಲ್ಲ, ಸೆರಗಿನ ಗಂಟು ಬಿಚ್ಚಿ ಟೇಪನ್ನು ತಾನೇ ಮೇಜಿನ ಮೇಲೆ ಇಟ್ಟಳು.

"ಯಾಕ ತಗೊಂಡಿ?" ಹಣಮಂತ್ರಾಯ ಕೇಳಿದ.

"ಕೇಳಾಕರಿ. ರೇಡಿಯೋದಾಗ ಬಂದ ದಿನ ನಾ ಹುಣಸಗಿ ಕ್ಯಾಂಪಿನ್ಯಾಗ ಬಣ್ಣ ಹಚ್ಚಿಕೊಂಡು ಕುಂತಿದ್ದೆ. ಕೇಳಲಿಲ್ಲ. ಒಮ್ಮಿ ಕೇಳಿ ಸೋಮವಾರ ಇಡಾಕ ಹೋಗಾಕಿ ಇದ್ದೆ."

"ಸೋಮವಾರ ಯಾಕ? ಸನ್ಮಾನ ಭಾನುವಾರ ಅದ."

"ಅದಕ್ಕರಿ," ಎಂದಳು ಮಲ್ಲಿಕಮ್ಮ.

ವಶಕ್ಕೆ ತೆಗೆದುಕೊಳ್ಳುವ ಟೇಪು ಅದೇ ಹೌದೋ ಅಲ್ಲವೋ ಖಾತ್ರಿಯಾಗಬೇಕಿತ್ತು. ಹಾಗೆಂದು ಹಣಮಂತ್ರಾಯ ಪಂಚರಿಗೆ ಹೇಳಿದ. ಖಾತ್ರಿಗೆ ಒಂದು ನಿಮಿಷ ಸಾಕಾಗಿತ್ತು ಎಂಬುದು ಅವನಿಗೂ ಗೊತ್ತಿತ್ತು. ಮಾನಪ್ಪ ಟೇಪು ಏರಿಸಿದ. ಮೊದಲು ಅಮರಪ್ಪ ದೇವಕಮ್ಮಳ ಹೆಸರು ಕೂಗಿದ, ಜನ ಸಿಳ್ಳೆ ಹೊಡೆದರು. ಆಮೇಲೆ ಒಂದು ಹೆಣ್ಣು ದನಿ ಬಂತು.

"ನನ್ನ ಹೊಲ ಕಾಲುವೆಗೆ ಹೋಯಿತೆಂದು ನಾನು ಅಳುವುದಿಲ್ಲ ಅಣ್ಣಾ. ನಾಳೆ ಅದರಲ್ಲಿ ಹರಿಯುವ ನೀರು ಯಾರ ಹೊಲಕ್ಕೆ ಹೋಗುತ್ತದೆ, ಅದನ್ನಷ್ಟು ಹೇಳು."

ಮೊದಲ ಮಾತಿಗೆ ಮಲ್ಲಿಕಮ್ಮಳ ತುಟಿ ಅಲುಗಿತು. ಎರಡನೆಯದನ್ನು ಅವಳು ಟೇಪಿನ ಜೊತೆಗೇ ಹೇಳಿದಳು, ಒಂದು ಉಸಿರೂ ಹಿಂದೆಮುಂದೆ ಆಗಲಿಲ್ಲ. ಟೇಪಿನಲ್ಲಿ ಚಪ್ಪಾಳೆ ಬಿತ್ತು. ಮುಂದಿನ ಮಾತು ಹೇಳದೆ ಅವಳು ಚಪ್ಪಾಳೆ ಮುಗಿಯುವವರೆಗೆ ತಲೆ ಎತ್ತಿ ನಿಂತಳು. ಸಾಯಬಮ್ಮ ಕಣ್ಣೊರೆಸಿಕೊಂಡಳು.

ಇಪ್ಪತ್ತು ನಿಮಿಷದ ಮೇಲೆ ಟೇಪು ಮುಗಿಯಿತು. ಚಾಂದಪಾಶಾ ಪಂಚನಾಮೆ ಬರೆದು ಓದತೊಡಗಿದ: "...ದೇವಕಮ್ಮ ಎಂಬುವರ ಧ್ವನಿ ಇರುವ ಒಂದು ಟೇಪು..."

"ಅದನ್ನ ಹೊಡದು ಹಾಕು," ಎಂದ ಹಣಮಂತ್ರಾಯ.

"ದೂರಿನ್ಯಾಗ ಹಂಗೇ ಅದ ಸಾಹೇಬ್ರ."

"ಪಂಚರು ಈಗ ಏನು ಕೇಳ್ಯಾರ ಅದನ್ನ ಬರಿ."

11.55ಕ್ಕೆ ಮಲ್ಲಿಕಮ್ಮಳ ದಸ್ತಗಿರಿ ದಾಖಲಾಯಿತು. ಕಳವಿನ ಕಾರಣದ ಮುಂದೆ, ಆರೋಪಿತಳು ತನ್ನ ದನಿಯನ್ನು ಒಮ್ಮೆ ಕೇಳಲು ಮತ್ತು ಅದು ಇನ್ನೊಬ್ಬರ ಹೆಸರಿನಲ್ಲಿ ಕೇಳಿಸದಂತೆ ತಡೆಯಲು ಒಯ್ದಿರುತ್ತಾಳೆ ಎಂದು ಬರೆದರು. ಹೆಬ್ಬೆಟ್ಟು ಒತ್ತಿಸುವ ಮೊದಲು ನಿಯಮದಂತೆ ಓದಿ ಹೇಳಬೇಕು. ಈ ಸಲ ಹಣಮಂತ್ರಾಯ ತಾನೇ ಓದಿದ: "ಮಲ್ಲಿಕಮ್ಮ ಎಂಬುವರು ನಾಯಕಿಯಾಗಿ ಅಭಿನಯಿಸಿದ, ಅವರದೇ ಧ್ವನಿ ಇರುವ ಒಂದು ಟೇಪು."

ಮಲ್ಲಿಕಮ್ಮ ಶಾಯಿ ಹಚ್ಚಿದ ಹೆಬ್ಬೆರಳನ್ನು ಹಾಗೇ ಹಿಡಿದುಕೊಂಡಳು.

"ಇನ್ನೊಮ್ಮಿ ಓದ್ರಿ," ಎಂದಳು. "ಜರಾ ಜೋರಾಗಿ."

ಹಣಮಂತ್ರಾಯ ಎದ್ದು ನಿಂತು ಓದಿದ.